ಆರ್ಗ್ಯಾನಿಕ್ ಸೆಮಿಕಂಡಕ್ಟರ್ ಪದರಗಳ ನುಣುಪು: ಯಾವ ಕೆಲಸಕ್ಕೆ ಯಾವ ದಾರಿ?

"ತುಂಬಾ ನುಣುಪಾದ ಪದರ ಬೇಕು, ಯಾವ ವಿಧಾನ ಹಿಡಿಯಲಿ?" ಆರ್ಗ್ಯಾನಿಕ್ ಸೆಮಿಕಂಡಕ್ಟರ್, ಅಂದರೆ ಕಾರ್ಬನ್ ಅಣುಗಳಿಂದಾದ ಅರೆವಾಹಕಗಳ ಕೆಲಸಕ್ಕೆ ಹೊಸದಾಗಿ ಕೈಹಾಕಿದವರು ಮೊದಲು ಕೇಳುವುದು ಇದನ್ನೇ. ಉತ್ತರ ಹುಡುಕುವ ಮುಂಚೆ ಇನ್ನೊಂದು ವಿಷಯ ಇತ್ಯರ್ಥ ಆಗಬೇಕು. ಒಂದರ ಮೇಲೊಂದು ಕೂತ ಪದರಗಳಲ್ಲಿ ಮೇಲ್ಮೈ ಅನ್ನುವುದು ಒಂದೇ ಇರುವುದಿಲ್ಲ. ಕೆಳಗೆ ತಳದ ಮುಖ ಇದೆ. ಎರಡು ಪದರಗಳ ನಡುವೆ ಹೂತುಹೋದ ಮುಖ ಇದೆ. ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಕಾಣುವ ಮುಖ ಇದೆ. ನಿಮ್ಮ ಸಾಧನ ಇವುಗಳಲ್ಲಿ ಯಾವುದನ್ನು ನಂಬಿಕೊಂಡಿದೆ? ಅದು ಗೊತ್ತಾದರೆ ಅರ್ಧ ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ. ಗೊತ್ತಿಲ್ಲದೆ ಹೊರಟರೆ, ಯಾರಿಗೂ ಬೇಡದ ಮುಖವನ್ನು ನಯ ಮಾಡುವುದರಲ್ಲೇ ತಿಂಗಳುಗಳು ಕಳೆದುಹೋಗುತ್ತವೆ.

ಮೊದಲು ಸಾಧನ, ಆಮೇಲೆ ವಿಧಾನ

ಓಎಲ್‌ಇಡಿಯಿಂದ, ಅಂದರೆ ಕರೆಂಟ್ ಕೊಟ್ಟರೆ ಬೆಳಗುವ ಆರ್ಗ್ಯಾನಿಕ್ ಪದರಗಳ ಸಾಧನದಿಂದ ಶುರು ಮಾಡೋಣ. 1987ರಲ್ಲಿ ಈಸ್ಟ್‌ಮನ್ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಪ್ರಕಟಿಸಿದ ಎರಡು ಪದರದ ಸಾಧನದಲ್ಲಿ ಆರ್ಗ್ಯಾನಿಕ್ ಭಾಗದ ಒಟ್ಟು ದಪ್ಪ ಸುಮಾರು 135 ನ್ಯಾನೋಮೀಟರ್ ಇತ್ತು. ಈಗ ಪದರಗಳ ಸಂಖ್ಯೆ ಜಾಸ್ತಿಯಾಗಿದೆ. ಆದರೂ ಒಟ್ಟು ದಪ್ಪ ಹೆಚ್ಚಾಗಿ 100ರಿಂದ 200 ನ್ಯಾನೋಮೀಟರ್ ಆಸುಪಾಸಿನಲ್ಲೇ ಇರುತ್ತದೆ. 100 ನ್ಯಾನೋಮೀಟರ್ ಪದರಕ್ಕೆ 5 ವೋಲ್ಟ್ ಕೊಟ್ಟರೆ ಒಳಗಿನ ವಿದ್ಯುತ್ ಕ್ಷೇತ್ರ ಮೀಟರಿಗೆ 5 ಕೋಟಿ ವೋಲ್ಟ್. ತಳದಿಂದ 40 ನ್ಯಾನೋಮೀಟರ್ ಎತ್ತರದ ಮೊನೆಯೊಂದು ಎದ್ದಿದೆ, ಮೇಲಿನ ಪದರ ಅದನ್ನು ಸರಿಯಾಗಿ ಹೊದ್ದುಕೊಂಡಿಲ್ಲ ಅಂದುಕೊಳ್ಳಿ. ಅಲ್ಲಿ ಉಳಿಯುವುದು 60 ನ್ಯಾನೋಮೀಟರ್ ಮಾತ್ರ. ಬರೀ ದಪ್ಪದ ಲೆಕ್ಕದಲ್ಲೇ ಕ್ಷೇತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮೊನೆ ಚೂಪಾಗಿದ್ದರೆ ಇನ್ನೂ ಹೆಚ್ಚು. ಕರೆಂಟ್ ಅಲ್ಲೇ ನುಗ್ಗುತ್ತದೆ, ಅಲ್ಲೇ ಬಿಸಿಯಾಗುತ್ತದೆ, ಕೊನೆಗೆ ಅಲ್ಲೇ ಶಾರ್ಟ್ ಆಗುತ್ತದೆ. ಹಾಗಾಗಿ ಓಎಲ್‌ಇಡಿಗೆ ಒಳ್ಳೆಯ ಸರಾಸರಿ ನುಣುಪಿದ್ದರೆ ಸಾಲದು. ಒಂದೂ ಮೊನೆ ಇರಬಾರದು.

ಟ್ರಾನ್ಸಿಸ್ಟರ್ ಕಥೆ ಬೇರೆ. ಅಲ್ಲಿ ಚಾರ್ಜ್ ಹರಿಯುವುದು ಡೈಎಲೆಕ್ಟ್ರಿಕ್‌ಗೆ (ಗೇಟ್ ಎಂಬ ನಿಯಂತ್ರಕ ಎಲೆಕ್ಟ್ರೋಡನ್ನು ಬೇರೆಯಾಗಿಡುವ ನಿರೋಧಕ ಪದರ) ಅಂಟಿಕೊಂಡಿರುವ ಮೊದಲ ಕೆಲವು ಅಣುಪದರಗಳಲ್ಲಿ. ಗೇಟ್ ಕೆಳಗಿದ್ದರೆ ಆ ಮುಖ ಪದರದ ಬುಡದಲ್ಲಿರುತ್ತದೆ. ಮೇಲ್ಗಡೆ ಗುಡ್ಡಗಳೆದ್ದಿದ್ದರೂ ಚಾರ್ಜ್ ಹರಿಯುವ ಆ ಚಾನಲ್‌ಗೆ ಅಷ್ಟಾಗಿ ತೊಂದರೆ ಇಲ್ಲ. ಗೇಟ್ ಮೇಲಿದ್ದರೆ ಲೆಕ್ಕ ತಲೆಕೆಳಗು. ಆಗ ಮೇಲಿನ ಮುಖವೇ ಚಾನಲ್, ಅಲ್ಲಿನ ಒಂದೊಂದು ಏರುತಗ್ಗೂ ಚಾರ್ಜ್‌ನ ದಾರಿಗೆ ಅಡ್ಡ. ಒಂದೇ ವಸ್ತು, ಒಂದೇ ವಿಧಾನ, ಒಂದೇ ಒರಟುತನ ಒಂದು ವಿನ್ಯಾಸದಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ನಡೆಯುವುದಿಲ್ಲ. ಮೇಲಿನಿಂದ ತೆಗೆದ ಚಿತ್ರ ನೋಡಿ "ಈ ಪದರ ಚೆನ್ನಾಗಿಲ್ಲ" ಎಂದು ಎಸೆಯುವ ಮುಂಚೆ ಗೇಟ್ ಯಾವ ಕಡೆ ಇದೆ ಎಂದು ನೋಡಿಕೊಳ್ಳಿ.

ಸೋಲಾರ್ ಸೆಲ್‌ನಲ್ಲಿ ಅತಿ ನುಣುಪು ಕೆಲವೊಮ್ಮೆ ಅಡ್ಡಿಯೇ ಆಗುತ್ತದೆ. ಬೆಳಕು ಬಿದ್ದಾಗ ಹುಟ್ಟುವ ಎಕ್ಸಿಟಾನ್ (ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗದ ಜೋಡಿ) ಬಹುತೇಕ ಆರ್ಗ್ಯಾನಿಕ್ ವಸ್ತುಗಳಲ್ಲಿ 10 ನ್ಯಾನೋಮೀಟರ್ ಆಸುಪಾಸು ಓಡಾಡಿ ಸತ್ತುಹೋಗುತ್ತದೆ. ಆ ಜೋಡಿ ಒಡೆದು ಕರೆಂಟ್ ಆಗಬೇಕಾದರೆ ಅಷ್ಟರೊಳಗೆ ಎರಡು ವಸ್ತುಗಳ ಗಡಿ ಅದಕ್ಕೆ ಸಿಗಬೇಕು. 1986ರಲ್ಲಿ ಟ್ಯಾಂಗ್ ತೋರಿಸಿದ ಎರಡು ಪದರದ ಸೆಲ್‌ನ ದಕ್ಷತೆ ಸುಮಾರು ಶೇ 1 ಇತ್ತು. ಚಪ್ಪಟೆ ಗಡಿಗೆ ಅದರದ್ದೇ ಮಿತಿ ಇದೆ. ಎರಡು ವಸ್ತುಗಳನ್ನು ಬೆರೆಸಿ, ಗಡಿಯನ್ನು ಪದರದ ಒಳಗೆಲ್ಲ ಹರಡುವ ದಾರಿ ಬಂದದ್ದು ಅದಕ್ಕೇ. ಹೂತ ಮುಖ ಅಂಕುಡೊಂಕಾಗಿರಲಿ, ಆದರೆ ಎಲೆಕ್ಟ್ರೋಡ್ ಕೂರುವ ಮೇಲಿನ ಮುಖದಲ್ಲಿ ತೂತುಗಳಿರಬಾರದು. ಸೋಲಾರ್‌ನವರು ನೋಡಬೇಕಾದದ್ದು ಇದನ್ನು.

ಒಂದು ಅಂಕಿ ಸಾಕಾಗುವುದಿಲ್ಲ

ಪೇಪರ್‌ಗಳಲ್ಲಿ ಒರಟುತನ ಎಂದರೆ ಸಾಮಾನ್ಯವಾಗಿ ಆರ್‌ಎಂಎಸ್ ಅಂಕಿ. ಸರಾಸರಿ ಮಟ್ಟದಿಂದ ಪ್ರತಿ ಬಿಂದು ಎಷ್ಟು ಮೇಲೆ ಕೆಳಗೆ ಇದೆ ನೋಡಿ, ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಿಡಿಯುವುದು. ಎರಡು ವಿಧಾನಗಳನ್ನು ಹೋಲಿಸುವಾಗ ಎಲ್ಲರೂ ಈ ಅಂಕಿಯನ್ನೇ ಎದುರುಬದುರು ಇಡುತ್ತಾರೆ. ಇದರಲ್ಲಿ ಎಷ್ಟು ದೊಡ್ಡ ಬಲೆ ಇದೆ ಎಂಬುದನ್ನು ಒಂದು ಲೆಕ್ಕ ಹಾಕಿ ನೋಡೋಣ.

ಪದರದ ಸಹಜ ಒರಟುತನ 0.5 ನ್ಯಾನೋಮೀಟರ್ ಇರಲಿ. ಅದರಲ್ಲಿ 30 ನ್ಯಾನೋಮೀಟರ್ ಅಗಲ, 30 ನ್ಯಾನೋಮೀಟರ್ ಎತ್ತರದ ಒಂದೇ ಒಂದು ಕಂಬದಂಥ ಮೊನೆ ಇರಲಿ. 1 ಮೈಕ್ರಾನ್ ಚದರದ ಚಿತ್ರದೊಳಗೆ ಆ ಮೊನೆ ಬಿದ್ದರೆ ಆರ್‌ಎಂಎಸ್ ಸುಮಾರು 0.94ಕ್ಕೆ ಏರುತ್ತದೆ. ಅದೇ ಮೊನೆ 10 ಮೈಕ್ರಾನ್ ಚದರದ ಚಿತ್ರದಲ್ಲಿದ್ದರೆ ಆರ್‌ಎಂಎಸ್ ಬರೀ 0.506. ಮೂರನೇ ದಶಮಾಂಶದಲ್ಲಿ ಸಣ್ಣ ಅಲುಗಾಟ, ಅಷ್ಟೇ. ಓಎಲ್‌ಇಡಿಯನ್ನು ಸುಡುವ ಶಕ್ತಿ ಇರುವ ಮೊನೆ ಆ ಅಂಕಿಯಲ್ಲಿ ಕಾಣಿಸುವುದೇ ಇಲ್ಲ.

ಇದರ ಉಲ್ಟಾ ಸಮಸ್ಯೆಯೂ ಇದೆ. ಪದರದಲ್ಲಿ 5 ಮೈಕ್ರಾನ್ ಅಗಲದ ನಿಧಾನವಾದ ಅಲೆಗಳಿದ್ದರೆ 1 ಮೈಕ್ರಾನ್ ಚಿತ್ರದಲ್ಲಿ ಅವು ಇಳಿಜಾರಿನಂತೆ ಮಾತ್ರ ಕಾಣುತ್ತವೆ. ಚಿತ್ರವನ್ನು ಸಮತಟ್ಟು ಮಾಡುವ ಸಾಫ್ಟ್‌ವೇರ್ ಅವನ್ನು ಒರೆಸಿಯೂ ಬಿಡುತ್ತದೆ. ಹಾಗಾಗಿ ಚಿತ್ರದ ಅಳತೆ ಹೇಳದ ಆರ್‌ಎಂಎಸ್‌ಗೆ ಬೆಲೆ ಕೊಡಬೇಡಿ. ಎರಡು ಲೇಖನಗಳ ಅಂಕಿ ಹೋಲಿಸುವಾಗ ಚಿತ್ರದ ಅಳತೆ, ಪದರದ ದಪ್ಪ, ತಳ ಈ ಮೂರೂ ಒಂದೇ ಆಗಿರಬೇಕು. ಒಂದು ಹೊಂದದಿದ್ದರೂ ಹೋಲಿಕೆ ಸುಮ್ನೆ ಕಾಲಹರಣ.

ಆರ್‌ಎಂಎಸ್ ಜೊತೆಗೆ ಇನ್ನೆರಡನ್ನು ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ. ಒಂದು, ಅತಿ ಎತ್ತರದ ಬಿಂದುವಿಗೂ ಅತಿ ತಗ್ಗಿನ ಬಿಂದುವಿಗೂ ಇರುವ ಅಂತರ. ಇದು ಮೊನೆ ಮತ್ತು ತೂತುಗಳನ್ನು ಹಿಡಿದುಕೊಡುತ್ತದೆ. ಇನ್ನೊಂದು, ಉಬ್ಬುಗಳ ಅಡ್ಡಗಲ. 3 ನ್ಯಾನೋಮೀಟರ್ ಏರಿಳಿತ 50 ನ್ಯಾನೋಮೀಟರ್ ದೂರದಲ್ಲಿ ಆಗುತ್ತಿದೆಯೋ, 2 ಮೈಕ್ರಾನ್ ದೂರದಲ್ಲಿ ಆಗುತ್ತಿದೆಯೋ? ಮೊದಲನೆಯದು ಚಾರ್ಜ್‌ಗೆ ಕಡಿದಾದ ಏರು. ಎರಡನೆಯದು ಅದಕ್ಕೆ ಗೊತ್ತೇ ಆಗದ ಇಳಿಜಾರು.

ಅಳೆಯುವ ಸಲಕರಣೆ: ಎಎಫ್‌ಎಂ ಅಥವಾ ಎಕ್ಸ್‌ರೇ?

ಎಎಫ್‌ಎಂ, ಅಂದರೆ ಚೂಪು ಸೂಜಿಯಿಂದ ಮೇಲ್ಮೈ ತಡವಿ ಎತ್ತರ ಅಳೆಯುವ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪನ್ನು 1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಪರಿಚಯಿಸಿದರು. ಈ ಕ್ಷೇತ್ರದಲ್ಲಿ ಇವತ್ತಿಗೂ ಮೊದಲ ಆಯ್ಕೆ ಅದೇ. ನೇರವಾಗಿ ಎತ್ತರ ತೋರಿಸುತ್ತದೆ, ಮೊನೆ ಎಲ್ಲಿದೆ, ಹರಳಿನ ಅಂಚು ಎಲ್ಲಿದೆ ಎಂದು ಕಣ್ಣಿಗೆ ಕಾಣಿಸುತ್ತದೆ. ಮೆತ್ತಗಿನ ಆರ್ಗ್ಯಾನಿಕ್ ಪದರಕ್ಕೆ ಸೂಜಿ ತಟ್ಟಿ ತಟ್ಟಿ ಸಾಗುವ ಟ್ಯಾಪಿಂಗ್ ಮೋಡ್ ಹಿಡಿಯಿರಿ. ಕಾಂಟ್ಯಾಕ್ಟ್ ಮೋಡ್‌ನಲ್ಲಿ ಸೂಜಿಯೇ ಅಣುಗಳನ್ನು ಕೆರೆದು ಸರಿಸಬಹುದು. ಸೂಜಿಯ ತುದಿಗೂ ದಪ್ಪ ಇದೆ, ಸಾಮಾನ್ಯವಾಗಿ 10 ನ್ಯಾನೋಮೀಟರ್ ಆಸುಪಾಸಿನ ತ್ರಿಜ್ಯ. ಅದಕ್ಕಿಂತ ಕಿರಿದಾದ ಬಿರುಕಿನ ತಳ ಅದಕ್ಕೆ ಎಟುಕುವುದಿಲ್ಲ. ಸವೆದ ಸೂಜಿ ಒರಟು ಪದರವನ್ನೂ ನುಣುಪಾಗಿ ತೋರಿಸುತ್ತದೆ. ಅಂಕಿ ಇದ್ದಕ್ಕಿದ್ದಂತೆ ಚೆನ್ನಾಗಿ ಬಂತು ಅಂದರೆ ಖುಷಿಪಡುವ ಮುಂಚೆ ಸೂಜಿ ಬದಲಿಸಿ ಇನ್ನೊಮ್ಮೆ ನೋಡಿ. ಎಲ್ಲಕ್ಕಿಂತ ದೊಡ್ಡ ಮಿತಿ ಎಂದರೆ ಎಎಫ್‌ಎಂಗೆ ಕಾಣುವುದು ಮೇಲಿನ ಮುಖ ಮಾತ್ರ. ಹೂತುಹೋದ ಮುಖದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಎಕ್ಸ್‌ರೇ ರಿಫ್ಲೆಕ್ಟಿವಿಟಿ ಆ ಜಾಗ ತುಂಬುತ್ತದೆ. ತೀರಾ ಸಣ್ಣ ಕೋನದಲ್ಲಿ ಕಿರಣ ಬಿಟ್ಟು ಪ್ರತಿಫಲನ ಅಳೆದರೆ ಕೀಸಿಗ್ ಪಟ್ಟಿಗಳು, ಅಂದರೆ ಕೋನ ಬದಲಾದಂತೆ ಪ್ರತಿಫಲನದಲ್ಲಿ ಕಾಣುವ ಏರಿಳಿತಗಳು, ಬರುತ್ತವೆ. ಪಟ್ಟಿಗಳ ನಡುವಿನ ಅಂತರದಿಂದ ದಪ್ಪ ಗೊತ್ತಾಗುತ್ತದೆ. ಅವು ಎಷ್ಟು ಬೇಗ ಮಾಸಿಹೋಗುತ್ತವೆ ಎಂಬುದರಿಂದ ಒರಟುತನ ಗೊತ್ತಾಗುತ್ತದೆ. ಒಂದು ಮೈಕ್ರಾನ್ ತುಣುಕಿನ ಬದಲು ಮಿಲಿಮೀಟರ್, ಸೆಂಟಿಮೀಟರ್ ಅಗಲದ ಸರಾಸರಿ ಸಿಗುತ್ತದೆ. ಪದರವನ್ನು ಮುಟ್ಟುವ ಅಗತ್ಯವೇ ಇಲ್ಲ. ಆದರೆ ಒರಟುತನ ಕೆಲವು ನ್ಯಾನೋಮೀಟರ್ ದಾಟಿತೆಂದರೆ ಪಟ್ಟಿಗಳೇ ಅಳಿಸಿಹೋಗುತ್ತವೆ, ಓದಲು ಏನೂ ಉಳಿಯುವುದಿಲ್ಲ. ಎರಡು ಪದರಗಳು ಒಂದರೊಳಗೊಂದು ಬೆರೆತಿದ್ದರೂ, ಗಡಿ ಚೂಪಾಗಿದ್ದು ಬರೀ ಒರಟಾಗಿದ್ದರೂ ನೇರ ಪ್ರತಿಫಲನದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಮಾಡಬೇಕಾದರೆ ಚದುರಿದ ಕಿರಣಗಳನ್ನೂ ಅಳೆಯಬೇಕು.

ಆರ್ಗ್ಯಾನಿಕ್ ಮೇಲೆ ಆರ್ಗ್ಯಾನಿಕ್ ಪದರ ಇದ್ದಾಗ ಇನ್ನೊಂದು ತೊಡಕಿದೆ. ಎರಡರಲ್ಲೂ ತುಂಬಿರುವುದು ಕಾರ್ಬನ್ ಮತ್ತು ಹೈಡ್ರೋಜನ್. ಸಾಂದ್ರತೆಯೂ ಹತ್ತಿರಹತ್ತಿರ. ಎಕ್ಸ್‌ರೇ ಕಣ್ಣಿಗೆ ನಡುವಿನ ಗಡಿ ಮಸುಕು. ಒಂದು ಪದರದ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ಅಣು ಬಳಸಿ ನ್ಯೂಟ್ರಾನ್ ಪ್ರತಿಫಲನ ಅಳೆದರೆ ಆ ಗಡಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ಆದರೆ ಅದಕ್ಕೆ ನ್ಯೂಟ್ರಾನ್ ಮೂಲ ಇರುವ ದೊಡ್ಡ ಕೇಂದ್ರಕ್ಕೇ ಹೋಗಬೇಕು. ಹೂತ ಗಡಿಯೇ ನಿಮ್ಮ ಮುಖ್ಯ ಪ್ರಶ್ನೆ ಆಗಿದ್ದರೆ ಮಾತ್ರ ಆ ಶ್ರಮ ಪಡಿ.

ಬೆಳಕಿನ ಧ್ರುವೀಕರಣ ಅಳೆಯುವ ಎಲಿಪ್ಸೋಮೆಟ್ರಿ ದಪ್ಪಕ್ಕೆ ಒಳ್ಳೆಯದು, ಸಣ್ಣ ಒರಟುತನಕ್ಕೆ ಅಷ್ಟಾಗಿ ನಂಬುವಂತಿಲ್ಲ. ಬಿಳಿ ಬೆಳಕಿನ ಇಂಟರ್‌ಫೆರೋಮೀಟರ್ ದೊಡ್ಡ ಜಾಗದ ಅಲೆಗಳನ್ನು ಚಕ್ಕನೆ ತೋರಿಸುತ್ತದೆ, ಆದರೆ ಅರ್ಧ ಮೈಕ್ರಾನ್‌ಗಿಂತ ಸಣ್ಣ ಉಬ್ಬುಗಳು ಅದಕ್ಕೆ ಬೇರೆಬೇರೆಯಾಗಿ ಕಾಣುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಹರಳುಗಳ ಆಕಾರ ನೋಡಲು ಸರಿ, ಎತ್ತರದ ಅಂಕಿಗಲ್ಲ.

ಒಂದೇ ಸಲಕರಣೆ ಸಿಗುವುದಾದರೆ ನನ್ನ ಆಯ್ಕೆ ಎಎಫ್‌ಎಂ. 1, 5, 20 ಮೈಕ್ರಾನ್ ಹೀಗೆ ಮೂರು ಅಳತೆಯಲ್ಲಿ, ಪದರದ ಬೇರೆಬೇರೆ ಜಾಗದಲ್ಲಿ ನೋಡಿ. ಖಾಲಿ ತಳವನ್ನೂ ತಪ್ಪದೆ ನೋಡಿ. ಎರಡು ಸಿಗುವುದಾದರೆ ಎಕ್ಸ್‌ರೇ ಸೇರಿಸಿ. ಒಂದು ಸ್ಥಳೀಯ ಚಿತ್ರ ಕೊಡುತ್ತದೆ, ಇನ್ನೊಂದು ಇಡೀ ಮಾದರಿಯ ಸರಾಸರಿ ಕೊಡುತ್ತದೆ. ಎರಡೂ ಒಪ್ಪಿದರೆ ಅಂಕಿಯ ಮೇಲೆ ಭರವಸೆ ಇಡಬಹುದು.

ವಸ್ತು: ಅರ್ಧ ಫಲಿತಾಂಶ ಇಲ್ಲೇ ತೀರ್ಮಾನ

ವಿಧಾನದ ಬಗ್ಗೆ ತಲೆಕೆಡಿಸಿಕೊಳ್ಳುವಷ್ಟು ವಸ್ತುವಿನ ಬಗ್ಗೆ ಯಾರೂ ಕೆಡಿಸಿಕೊಳ್ಳುವುದಿಲ್ಲ. ನುಣುಪಿನ ವಿಷಯದಲ್ಲಿ ಇದು ತಿರುವುಮುರುವು ಆಗಬೇಕಿತ್ತು ಅಂತ ನನ್ನ ಅನಿಸಿಕೆ. ಅಣುಗಳು ಗಾಜಿನಂತೆ ಅಡ್ಡಾದಿಡ್ಡಿ ಕೂರುತ್ತವೆಯೋ, ಹರಳುಗಟ್ಟುತ್ತವೆಯೋ ಎಂಬುದೇ ಒರಟುತನದ ಮಟ್ಟವನ್ನು ನಿರ್ಧರಿಸುತ್ತದೆ.

ಗಾಜಿನಂಥ ವಸ್ತುಗಳಲ್ಲಿ ನುಣುಪು ಸುಲಭ. ಓಎಲ್‌ಇಡಿಯಲ್ಲಿ ಚಾರ್ಜ್ ಸಾಗಿಸುವ ಎನ್‌ಪಿಬಿಯಂಥ ಅಣುವನ್ನು ನುಣುಪು ತಳದ ಮೇಲೆ ಆವಿಯಾಗಿ ಕೂರಿಸಿದರೆ ಒರಟುತನ 1 ನ್ಯಾನೋಮೀಟರ್ ಒಳಗೇ ಉಳಿಯುತ್ತದೆ, ಪದರ ದಪ್ಪವಾದರೂ ಅಷ್ಟಾಗಿ ಏರುವುದಿಲ್ಲ. ಓಎಲ್‌ಇಡಿಯವರು ಇವನ್ನೇ ಹಿಡಿದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಇವು ಬಿಸಿಗೆ ಹೆದರುತ್ತವೆ. ಗಾಜು ಮೆತ್ತಗಾಗುವ ಉಷ್ಣತೆ, ಅಂದರೆ ಗ್ಲಾಸ್ ಟ್ರಾನ್ಸಿಷನ್, ಅದೇ ಗುಂಪಿನ ಟಿಪಿಡಿಗೆ 60 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಎನ್‌ಪಿಬಿಗೆ ಸುಮಾರು 95, ಬೆಳಕು ಸೂಸುವ ಆಲ್ಕ್ಯೂ3ಗೆ 170 ದಾಟುತ್ತದೆ. ಟಿಪಿಡಿ ಪದರ ಹೊಸದರಲ್ಲಿ ಕನ್ನಡಿಯಂತಿದ್ದರೂ ಕಾಲ ಕಳೆದಂತೆ ಹರಳುಗಟ್ಟಿ ಒರಟಾಗುತ್ತದೆ. ಇವತ್ತಿನ ನುಣುಪಿನ ಜೊತೆಗೆ ಅದು ಎಷ್ಟು ದಿನ ಉಳಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾಲ್ಕು ಪದರ ಇದ್ದರೆ, ಎಲ್ಲಕ್ಕಿಂತ ಬೇಗ ಮೆತ್ತಗಾಗುವ ಪದರವೇ ಇಡೀ ಗೋಪುರದ ಮಿತಿ.

ಹರಳಿನ ವಸ್ತುಗಳಲ್ಲಿ ಮೊಬಿಲಿಟಿ (ಚಾರ್ಜ್ ಎಷ್ಟು ಸಲೀಸಾಗಿ ಸಾಗುತ್ತದೆ ಎಂಬ ಅಳತೆ) ಎಷ್ಟೋ ಪಟ್ಟು ಜಾಸ್ತಿ, ನುಣುಪು ಕಷ್ಟ. ಪೆಂಟಸೀನ್ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಸಿಲಿಕಾನ್ ಆಕ್ಸೈಡ್ ಮೇಲೆ ಅದರ ಅಣುಗಳು ಎದ್ದು ನಿಲ್ಲುತ್ತವೆ, ಒಂದು ಅಣುಪದರದ ಎತ್ತರ ಸುಮಾರು 1.54 ನ್ಯಾನೋಮೀಟರ್. ಮೊದಲ ಪದರ ಚೆನ್ನಾಗಿ ಹರಡುತ್ತದೆ. ಆಮೇಲೆ ಬೆಟ್ಟದ ಇಳಿಜಾರಿನ ಮೆಟ್ಟಿಲು ಗದ್ದೆಗಳಂತೆ ಒಂದರ ಮೇಲೊಂದು ತಟ್ಟು ಏಳುತ್ತವೆ. ಕಾರಣ, ಮೇಲಿನ ತಟ್ಟಿಗೆ ಬಂದಿಳಿದ ಅಣು ಅಂಚು ದಾಟಿ ಕೆಳಗಿಳಿಯಬೇಕಾದರೆ ಒಂದು ಶಕ್ತಿಯ ತಡೆ ಎದುರಾಗುತ್ತದೆ. 1966ರಿಂದ ಎರ್ಲಿಕ್ ಮತ್ತು ಶ್ವೋಬೆಲ್ ಹೆಸರಿನಲ್ಲಿ ಗುರುತಿಸುವ ತಡೆ ಇದು. ಕೆಳಗಿಳಿಯಲಾಗದ ಅಣುಗಳು ಮೇಲೆಯೇ ಗುಂಪು ಕಟ್ಟಿ ಇನ್ನೊಂದು ತಟ್ಟು ಶುರು ಮಾಡುತ್ತವೆ. 50 ನ್ಯಾನೋಮೀಟರ್ ಬರುವಷ್ಟರಲ್ಲಿ ಒರಟುತನ ಹಲವು ನ್ಯಾನೋಮೀಟರ್ ಮುಟ್ಟಿರುತ್ತದೆ. ದಪ್ಪ ಪದರಗಳಲ್ಲಿ ಸುಮಾರು 1.44 ನ್ಯಾನೋಮೀಟರ್ ಅಂತರದ ಇನ್ನೊಂದು ಹರಳು ರೂಪವೂ ಬೆರೆಯುತ್ತದೆ.

ಡೈಇಂಡೆನೋಪೆರಿಲೀನ್ ಎಂಬ ಇನ್ನೊಂದು ಹರಳಿನ ವಸ್ತು ಇನ್ನೂ ಸೋಜಿಗ. ಅಣುಗಳು ಬಿದ್ದಲ್ಲೇ ಕೂತು ಸ್ವಲ್ಪವೂ ಸರಿಯದಿದ್ದರೆ ಒರಟುತನ ದಪ್ಪದ 0.5ನೇ ಘಾತದಲ್ಲಿ ಏರಬೇಕು. ಈ ವಸ್ತುವಿನಲ್ಲಿ ಆ ಘಾತ ಸುಮಾರು 0.75 ಎಂದು 2003ರಲ್ಲಿ ವರದಿಯಾಯಿತು. ಅಣುಗಳು ಸರಿದಾಡುತ್ತಿವೆ, ಚೆಂದದ ಹರಳೂ ಆಗುತ್ತಿವೆ, ಆದರೂ ಬಿದ್ದಲ್ಲೇ ಬಿಟ್ಟದ್ದಕ್ಕಿಂತ ಬೇಗ ಒರಟಾಗುತ್ತಿದೆ! ಅಕ್ಕಪಕ್ಕದ ಭಾಗಗಳು ಬೇರೆಬೇರೆ ವೇಗದಲ್ಲಿ ಬೆಳೆಯುವುದು ಇದಕ್ಕೆ ಕಾರಣ ಎಂಬುದು ಕೊಟ್ಟ ವಿವರಣೆ. ಒಳ್ಳೆಯ ಹರಳು ಅಂದರೆ ಒಳ್ಳೆಯ ನುಣುಪು ಎಂದು ನಂಬಿದವರು ಈ ಉದಾಹರಣೆ ನೆನಪಿಡಬೇಕು.

ಹಾಗಾದರೆ ಎರಡೂ ಬೇಕು ಅನ್ನುವವರಿಗೆ ದಾರಿ ಇಲ್ಲವೇ? ಇದೆ, ಮತ್ತು ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಗಟ್ಟಿ ತಿರುಳಿಗೆ ಉದ್ದನೆಯ ಆಲ್ಕೈಲ್ ಬಾಲ (ಕಾರ್ಬನ್-ಹೈಡ್ರೋಜನ್ ಸರಪಳಿ) ಜೋಡಿಸಿದ ಅಣುಗಳು ತಾವಾಗಿಯೇ ಹಾಳೆಹಾಳೆಯಾಗಿ ಜೋಡಣೆಯಾಗುತ್ತವೆ. ಸಿ8-ಬಿಟಿಬಿಟಿ ಈ ಗುಂಪಿನ ಪ್ರಸಿದ್ಧ ಸದಸ್ಯ. 2011ರಲ್ಲಿ ಇಂಕ್‌ಜೆಟ್‌ನಿಂದ ಮುದ್ರಿಸಿದ ಇದರ ಹರಳು ಪದರದಲ್ಲಿ ಸರಾಸರಿ ಮೊಬಿಲಿಟಿ 16.4 ಚದರ ಸೆಂಟಿಮೀಟರ್ ಪ್ರತಿ ವೋಲ್ಟ್-ಸೆಕೆಂಡ್ ಬಂತು. ಇದರ ಸಂಬಂಧಿಯಾದ ಪಿಎಚ್-ಬಿಟಿಬಿಟಿ-10 ಇನ್ನೊಂದು ಹೆಜ್ಜೆ ಮುಂದೆ. ಇದಕ್ಕೆ ಸ್ಮೆಕ್ಟಿಕ್-ಇ ಎಂಬ ದ್ರವ ಹರಳು ಸ್ಥಿತಿ ಇದೆ. ಆ ಸ್ಥಿತಿಯ ಮೂಲಕ ಪದರ ಎಳೆದರೆ ಅಣುಗಳು ಸಮತಟ್ಟಾಗಿ ಹರಡಿ, ತಣ್ಣಗಾದಾಗ ಆ ಸಮತಟ್ಟು ಹಾಗೇ ಉಳಿಯುತ್ತದೆ. ಆಮೇಲೆ 120 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಕಾಯಿಸಿದಾಗ ಅಣುಗಳು ಜೋಡಿ ಪದರವಾಗಿ ಮರುಜೋಡಣೆಗೊಂಡು ಮೊಬಿಲಿಟಿ ಹಲವು ಪಟ್ಟು ಏರಿದ್ದನ್ನು 2015ರಲ್ಲಿ ತೋರಿಸಿದರು. ಬೇರೆಬೇರೆ ಉದ್ದದ ಬಾಲಗಳಿರುವ ಅಣುಗಳನ್ನು ಬೆರೆಸುವ ಉಪಾಯವೂ ಇದೆ. ಬಾಲಗಳ ತುದಿ ಒಂದೇ ಮಟ್ಟಕ್ಕೆ ಬರದಿದ್ದರೆ ಅದರ ಮೇಲೆ ಇನ್ನೊಂದು ಪದರ ಸಲೀಸಾಗಿ ಕೂರುವುದಿಲ್ಲ. ಹೀಗೆ ಒಂದೇ ಒಂದು ಜೋಡಿ ಪದರಕ್ಕೆ ಬೆಳವಣಿಗೆಯನ್ನು ನಿಲ್ಲಿಸಬಹುದು.

ಟ್ರಾನ್ಸಿಸ್ಟರ್‌ಗೆ ಹೊಸದಾಗಿ ವಸ್ತು ಆರಿಸುತ್ತಿದ್ದೀರಾ? ಪೆಂಟಸೀನ್‌ಗಿಂತ ಈ ಬಾಲದ ಅಣುಗಳ ಕಡೆ ನೋಡಿ. ಹಳೆಯ ಫಲಿತಾಂಶಗಳ ಜೊತೆ ಹೋಲಿಸುವುದೇ ಉದ್ದೇಶ ಆಗಿದ್ದರೆ ಮಾತ್ರ ಪೆಂಟಸೀನ್ ಸರಿ.

ಆವಿಯೋ ದ್ರಾವಣವೋ

ವ್ಯಾಕ್ಯೂಮ್‌ನಲ್ಲಿ ಆವಿಯಾಗಿಸಿ ಕೂರಿಸುವ ವಿಧಾನದ ದೊಡ್ಡ ಲಾಭ ಎಂದರೆ ಕೆಳಗಿನ ಪದರ ಕರಗುವುದಿಲ್ಲ. ಐದಲ್ಲ, ಹತ್ತು ಪದರ ಬೇಕಾದರೂ ಪೇರಿಸಬಹುದು. ಕ್ವಾರ್ಟ್ಸ್ ಹರಳಿನ ಮಾಪಕ ಇಟ್ಟುಕೊಂಡು ಸೆಕೆಂಡಿಗೆ ಒಂದು ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ವೇಗದಲ್ಲೂ ಹತೋಟಿ ಸಿಗುತ್ತದೆ. ನುಣುಪಿಗೆ ನಿಮ್ಮ ಕೈಯಲ್ಲಿರುವ ಹಿಡಿಗಳು ಎರಡು: ತಳದ ಉಷ್ಣತೆ ಮತ್ತು ವೇಗ. ಹರಳಿನ ವಸ್ತುವಿನಲ್ಲಿ ತಳ ಬಿಸಿ, ವೇಗ ನಿಧಾನ ಇದ್ದರೆ ಹರಳುಗಳು ದೊಡ್ಡದಾಗುತ್ತವೆ, ಆದರೆ ಅವುಗಳ ನಡುವೆ ಆಳವಾದ ಕಣಿವೆ ಬೀಳಬಹುದು. ತಳ ತಣ್ಣಗೆ, ವೇಗ ಜಾಸ್ತಿ ಇದ್ದರೆ ಹರಳು ಸಣ್ಣದು, ಮೇಲ್ಮೈ ಸಾಮಾನ್ಯವಾಗಿ ನುಣುಪು, ಗಡಿಗಳು ಹೆಚ್ಚು. ಟ್ರಾನ್ಸಿಸ್ಟರ್‌ಗೆ ಮೊದಲನೆಯದರ ಕಡೆ ವಾಲಿ. ಅದರ ಮೇಲೆ ಇನ್ನೊಂದು ತೆಳು ಪದರ ಬರುವುದಿದ್ದರೆ ಎರಡನೆಯದರ ಕಡೆ.

ಗಾಜಿನಂಥ ವಸ್ತುವಿಗೆ ಬೇರೆಯದೇ ನಿಯಮ. ಗ್ಲಾಸ್ ಟ್ರಾನ್ಸಿಷನ್ ಉಷ್ಣತೆಯನ್ನು ಕೆಲ್ವಿನ್‌ನಲ್ಲಿ ಬರೆದು, ಅದರ ಸುಮಾರು 0.85 ಪಟ್ಟು ಉಷ್ಣತೆಯಲ್ಲಿ ತಳ ಇಟ್ಟರೆ ಅಸಾಧಾರಣ ಸ್ಥಿರತೆಯ ಗಾಜು ಸಿಗುತ್ತದೆ. 2007ರಲ್ಲಿ ಮಾರ್ಕ್ ಎಡಿಗರ್ ಅವರ ತಂಡ ತೋರಿಸಿದ ವಿಷಯ ಇದು. ಎನ್‌ಪಿಬಿಗೆ ಲೆಕ್ಕ ಹಾಕಿದರೆ 95 ಡಿಗ್ರಿ ಅಂದರೆ 368 ಕೆಲ್ವಿನ್, ಅದರ 0.85 ಪಟ್ಟು 313 ಕೆಲ್ವಿನ್, ಅಂದರೆ 40 ಡಿಗ್ರಿ. ಕೋಣೆಯ ಉಷ್ಣತೆಗಿಂತ ಸ್ವಲ್ಪವೇ ಮೇಲೆ. ಕಷ್ಟವೇನಲ್ಲ, ಅಲ್ವಾ?

ಆವಿ ವಿಧಾನದಲ್ಲಿ ಬರುವ ಮೊನೆಗಳಿಗೆ ಒಂದು ಸಾಮಾನ್ಯ ಕಾರಣ ಮೂಲದ ಪುಡಿ ಸಿಡಿಯುವುದು. ಬೇಗ ಬಿಸಿ ಮಾಡಿದರೆ ಪುಡಿಯೊಳಗಿನ ತೇವ ಮತ್ತು ಅನಿಲ ಹಾರಿ ಕಣಗಳೂ ಜೊತೆಗೆ ಬರುತ್ತವೆ. ಶಟರ್ ಮುಚ್ಚಿಟ್ಟು ನಿಧಾನಕ್ಕೆ ಬಿಸಿ ಏರಿಸಿ, ವೇಗ ಸ್ಥಿರವಾದ ಮೇಲೆಯೇ ತೆರೆಯಿರಿ. ಪುಡಿಯನ್ನು ಮೊದಲೇ ಸಬ್ಲಿಮೇಷನ್‌ನಿಂದ ಶುದ್ಧ ಮಾಡಿದ್ದರೆ ಇನ್ನೂ ಒಳ್ಳೆಯದು.

ದ್ರಾವಣದ ದಾರಿಯಲ್ಲಿ ಸ್ಪಿನ್ ಕೋಟಿಂಗ್ (ತಳವನ್ನು ಗಿರಗಿರ ತಿರುಗಿಸಿ ದ್ರಾವಣ ಹರಡುವುದು) ಎಲ್ಲರ ಕೈಗೆಟುಕುವುದು. ದಪ್ಪ ವೇಗದ ವರ್ಗಮೂಲಕ್ಕೆ ವಿಲೋಮ, ಅಂದರೆ ವೇಗ ನಾಲ್ಕು ಪಟ್ಟು ಮಾಡಿದರೆ ದಪ್ಪ ಅರ್ಧ. ಪಾಲಿಮರ್‌ಗಳಿಗೆ ಇದು ತುಂಬಾ ಒಗ್ಗುತ್ತದೆ. ಸಣ್ಣ ಅಣುಗಳು ಒಣಗುವಾಗ ಮನಬಂದಂತೆ ಹರಳುಗಟ್ಟುವುದರಿಂದ ಅವುಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಇಲ್ಲಿ ನಿಜವಾದ ಹಿಡಿ ದ್ರಾವಕದ್ದು. ಕ್ಲೋರೋಫಾರ್ಮ್ 61 ಡಿಗ್ರಿಗೆ ಕುದಿಯುತ್ತದೆ, ಕ್ಲೋರೋಬೆಂಜೀನ್ 132ಕ್ಕೆ, ಆರ್ಥೋ ಡೈಕ್ಲೋರೋಬೆಂಜೀನ್ 180ಕ್ಕೆ. ಬೇಗ ಆರುವ ದ್ರಾವಕದಲ್ಲಿ ಪಾಲಿಮರ್‌ಗೆ ಜೋಡಣೆಯಾಗಲು ಸಮಯ ಸಿಗುವುದಿಲ್ಲ. ಸಣ್ಣ ಅಳತೆಯಲ್ಲಿ ನುಣುಪು, ಆದರೆ ನಡುವಿನಿಂದ ಅಂಚಿಗೆ ಗೆರೆಗಳು ಬೀಳಬಹುದು. ನಿಧಾನ ಆರಿದರೆ ಪಿ3ಎಚ್‌ಟಿಯಂಥ ಪಾಲಿಮರ್ ಚೆನ್ನಾಗಿ ಜೋಡಣೆಯಾಗುತ್ತದೆ, ಒರಟುತನವೂ ಏರುತ್ತದೆ. ಸೋಲಾರ್‌ನಲ್ಲಿ ಆ ಒರಟುತನ ಒಳಗಿನ ಒಳ್ಳೆಯ ಜೋಡಣೆಯ ಗುರುತೂ ಆಗಿರಬಹುದು. 0.2 ಅಥವಾ 0.45 ಮೈಕ್ರಾನ್ ಫಿಲ್ಟರ್ ಮಾತ್ರ ಯಾವಾಗಲೂ ಬಳಸಿ.

ಎರಡನೇ ಪದರ ಹಾಕುವಾಗಲೇ ದ್ರಾವಣದ ಕಷ್ಟ ಶುರು. ಮೇಲಿನ ದ್ರಾವಕ ಕೆಳಗಿನ ಪದರವನ್ನು ಕರಗಿಸಿದರೆ ನುಣುಪಿನ ಮಾತು ಬಿಡಿ, ಗಡಿಯೇ ಉಳಿಯುವುದಿಲ್ಲ. ಕರೆಂಟ್ ಹರಿಸುವ ಪಾಲಿಮರ್ ಮಿಶ್ರಣವಾದ ಪೆಡಾಟ್-ಪಿಎಸ್‌ಎಸ್ ನೀರಿನಲ್ಲಿ, ಮೇಲಿನ ಪಾಲಿಮರ್ ಎಣ್ಣೆಯ ಗುಣದ ದ್ರಾವಕದಲ್ಲಿ, ಈ ಜೋಡಿ ನಡೆಯುತ್ತದೆ. ಮೂರನೆಯದಕ್ಕೆ ಹೊಂದುವ ದ್ರಾವಕ ಹುಡುಕುವುದೇ ಸಾಹಸ. ಇಲ್ಲವಾದರೆ ಕೆಳಗಿನ ಪದರವನ್ನು ಬಿಸಿ ಅಥವಾ ಯುವಿ ಕೊಟ್ಟು ಕ್ರಾಸ್‌ಲಿಂಕ್ ಮಾಡಬೇಕು, ಅಂದರೆ ಅಣುಗಳನ್ನು ಒಂದಕ್ಕೊಂದು ಕಟ್ಟಿ ಕರಗದಂತೆ ಮಾಡಬೇಕು. ಮೂರಕ್ಕಿಂತ ಜಾಸ್ತಿ ಪದರ, ಸಣ್ಣ ಅಣುಗಳು ಅಂದರೆ ನಾನು ಯೋಚನೆಯೇ ಮಾಡದೆ ವ್ಯಾಕ್ಯೂಮ್ ಅನ್ನುತ್ತೇನೆ.

ಬ್ಲೇಡ್‌ನಿಂದ ಎಳೆಯುವ ವಿಧಾನ ಒಂದೇ ದಿಕ್ಕಿನಲ್ಲಿ ಹರಳು ಬೆಳೆಸಲು ಹೇಳಿ ಮಾಡಿಸಿದಂತಿದೆ. ಮೇಲೆ ಹೇಳಿದ ಬಾಲದ ಅಣುಗಳಿಗೆ ಇದು ಒಳ್ಳೆಯ ಜೊತೆ. ಒಂದು ವಿಷಯ ಗಮನಿಸಿ: ನಿಧಾನ ಎಳೆದಾಗ ವೇಗ ಏರಿಸಿದಷ್ಟೂ ಪದರ ತೆಳುವಾಗುತ್ತದೆ. ಒಂದು ಹಂತ ದಾಟಿದ ಮೇಲೆ ಲ್ಯಾಂಡೌ-ಲೆವಿಚ್ ನಿಯಮದಂತೆ ವೇಗದ 2/3ನೇ ಘಾತದಲ್ಲಿ ದಪ್ಪವಾಗುತ್ತದೆ. ಮೊದಲನೆಯದರಲ್ಲಿ ಹರಳು ಬ್ಲೇಡಿನ ಅಂಚಿನಲ್ಲೇ ಬೆಳೆಯುತ್ತದೆ. ಎರಡನೆಯದರಲ್ಲಿ ಒದ್ದೆ ಪದರ ಹಿಂದೆ ಉಳಿದು ಆಮೇಲೆ ಒಣಗುತ್ತದೆ. ಸಮತಟ್ಟು ಹರಳು ಬೇಕಾದವರು ನಿಧಾನದ ಕಡೆಯೇ ಇರಿ.

ತಳ

ತಳ ಒರಟಾಗಿದ್ದರೆ ಮೇಲೆ ಏನು ಮಾಡಿದರೂ ಅಷ್ಟೇ. ಬಿಸಿಯಲ್ಲಿ ಬೆಳೆಸಿದ ಸಿಲಿಕಾನ್ ಆಕ್ಸೈಡ್‌ನ ಒರಟುತನ 0.2ರಿಂದ 0.3 ನ್ಯಾನೋಮೀಟರ್. ಹೋಲಿಕೆಯ ಪ್ರಯೋಗಕ್ಕೆ ಅದೇ ಸರಿ. ಐಟಿಒ (ಪಾರದರ್ಶಕ ಎಲೆಕ್ಟ್ರೋಡ್) ಲೇಪಿಸಿದ ಗಾಜಿನಲ್ಲಿ ಮೊನೆಗಳಿರುತ್ತವೆ. ಪಾಲಿಶ್ ಮಾಡಿದ್ದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ 30-40 ನ್ಯಾನೋಮೀಟರ್ ಪೆಡಾಟ್-ಪಿಎಸ್‌ಎಸ್ ಹಾಕಿದರೆ ಸಣ್ಣ ಮೊನೆಗಳು ಮುಚ್ಚುತ್ತವೆ. ಅದು ಆಮ್ಲೀಯ, ಕಾಲಾಂತರದಲ್ಲಿ ಐಟಿಒವನ್ನೇ ತಿನ್ನುತ್ತದೆ. ದೀರ್ಘ ಬಾಳಿಕೆ ಬೇಕಾದವರು ಇದನ್ನು ಮರೆಯಬಾರದು.

ಸಿಲಿಕಾನ್ ಆಕ್ಸೈಡ್ ಮೈಗೆ ನೀರು ಅಂಟದಂತೆ ತೆಳುವಾದ ಅಣುಗಳ ಹೊದಿಕೆ ಹಾಕುತ್ತಾರೆ. ಅದಕ್ಕೆ ಎಚ್‌ಎಂಡಿಎಸ್ ಹಾಕುವುದೋ ಓಟಿಎಸ್ ಹಾಕುವುದೋ? ಎಚ್‌ಎಂಡಿಎಸ್ ಸುಲಭ, ಕೆಡುವ ಸಾಧ್ಯತೆ ಕಡಿಮೆ. ಓಟಿಎಸ್ ಒತ್ತಾಗಿ, ಕ್ರಮವಾಗಿ ಕೂತರೆ ಮೇಲೆ ಬೆಳೆಯುವ ಹರಳು ಬಹಳ ಚೆನ್ನಾಗಿರುತ್ತದೆ. ತೇವ ಸೇರಿ ಉಂಡೆಗಟ್ಟಿದರೆ ಆ ಉಂಡೆಗಳೇ ನಿಮ್ಮ ಹೊಸ ಮೊನೆಗಳು. ಓಟಿಎಸ್ ಮೇಲೆ ನೀರಿನ ಹನಿಯ ಕೋನ 100 ಡಿಗ್ರಿ ದಾಟುತ್ತದೆ. ಅಂಥ ಮೈಮೇಲೆ ದ್ರಾವಣ ಹರಡದೆ ಹನಿಹನಿಯಾಗಿ ಓಡಿಹೋಗುವುದೂ ಉಂಟು. ಹಾಗಾಗಿ ಆವಿ ವಿಧಾನಕ್ಕೆ ಓಟಿಎಸ್, ಸ್ಪಿನ್ ಕೋಟಿಂಗ್‌ಗೆ ಎಚ್‌ಎಂಡಿಎಸ್ ಎಂಬುದು ನನ್ನ ಸಲಹೆ. ಗ್ರಾಫೀನ್ ತಳದ ಮೇಲೆ ಪೆಂಟಸೀನ್ ಎದ್ದು ನಿಲ್ಲದೆ ಮಲಗುತ್ತದೆ. ಆಗ ಪದರದ ರೂಪವೇ ಬೇರೆ, ಸಿಲಿಕಾನ್ ಆಕ್ಸೈಡ್ ಮೇಲಿನ ಅಂಕಿಗಳ ಜೊತೆ ಅದನ್ನು ಹೋಲಿಸಬೇಡಿ.

ಕೆಳಗಿನ ಪದರ ಒರಟಾಗಿದ್ದರೆ ಮೇಲಿನದೂ ಒರಟೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಬಹಳ ಸಲ ಹಾಗೇ ಆಗುತ್ತದೆ, ಉಬ್ಬುತಗ್ಗು ಹಾಗೇ ಮೇಲಕ್ಕೆ ಸಾಗುತ್ತದೆ. ಆದರೆ ಕೆಲವು ಜೋಡಿಗಳಲ್ಲಿ ಎರಡನೇ ವಸ್ತು ಮೊದಲು ತಗ್ಗುಗಳನ್ನು ತುಂಬಿ, ಮೇಲ್ಮೈ ಮೊದಲಿಗಿಂತ ನುಣುಪಾಗುತ್ತದೆ. ಆದ್ದರಿಂದ ಎರಡನೇ ಪದರದ ವಸ್ತು ಆರಿಸುವಾಗ ಮೊದಲ 5 ನ್ಯಾನೋಮೀಟರ್ ಹಾಕಿ ಒಮ್ಮೆ, ಪೂರ್ತಿ ಹಾಕಿ ಇನ್ನೊಮ್ಮೆ ಅಳೆದು ನೋಡಿ. ಯಾವ ಕಡೆ ಹೋಗುತ್ತಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಕಾಯಿಸಬೇಕೋ ಬೇಡವೋ

ಪಾಲಿಮರ್ ಮತ್ತು ದ್ರವ ಹರಳು ವಸ್ತುಗಳಿಗೆ ಮಿತವಾಗಿ ಕಾಯಿಸುವುದು ಲಾಭ. ಗಾಜಿನಂಥ ಅಣುಗಳ ಗೋಪುರವನ್ನು, ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ ಗ್ಲಾಸ್ ಟ್ರಾನ್ಸಿಷನ್ ದಾಟಿ ಕಾಯಿಸಬೇಡಿ. ತೆಳು ಪದರ ಅಲ್ಲಲ್ಲಿ ಹರಿದು ಹನಿಗಟ್ಟುತ್ತದೆ. ಕೆಲವು ಅಣುಗಳಿಗೆ ಕಾಯಿಸುವುದೂ ಬೇಕಿಲ್ಲ, ಒಂದೆರಡು ಅಣುಪದರ ದಪ್ಪದ ಹರಳು ಕೋಣೆಯ ಉಷ್ಣತೆಯಲ್ಲಿ ಸುಮ್ನೆ ಇಟ್ಟರೂ ದ್ವೀಪಗಳಾಗಿ ಎದ್ದುನಿಲ್ಲುತ್ತದೆ. ಹಾಗಾಗಿ ಎರಡು ವಿಧಾನಗಳನ್ನು ಹೋಲಿಸುವಾಗ ಎರಡೂ ಮಾದರಿಗಳನ್ನು ತಯಾರಾದ ಮೇಲೆ ಒಂದೇ ಅವಧಿಯೊಳಗೆ ಅಳೆಯಿರಿ. ಪ್ರತಿ ಅಂಕಿಯ ಪಕ್ಕದಲ್ಲಿ ತಯಾರಾದ ಸಮಯ, ಅಳೆದ ಸಮಯ, ನಡುವೆ ಗಾಳಿಯಲ್ಲಿತ್ತೋ ನೈಟ್ರೋಜನ್‌ನಲ್ಲಿತ್ತೋ ಎಂಬುದನ್ನೂ ಬರೆದಿಡಿ.